ಬೆಲ್ಲದ ಸ್ಟಾಕ್ ಲೆಕ್ಕಕ್ಕೆ ಉಚಿತ ಒಡೂ ಸಾಕೇ, ಚಂದಾ ಕಟ್ಟಬೇಕೇ?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದು ಬೆಲ್ಲದ ಪ್ಯಾಕಿಂಗ್ ಘಟಕ. ಅಪ್ಪನ ಕಾಲದಿಂದ ಬೆಲ್ಲದ ವ್ಯಾಪಾರ. ಸುತ್ತಲಿನ ಆಲೆಮನೆಗಳಿಂದ ಅಚ್ಚು ಬೆಲ್ಲ, ಉಂಡೆ ಬೆಲ್ಲ ತರುತ್ತೇವೆ. ಪುಡಿ ಮಾಡಿ, ಅರ್ಧ ಕೆಜಿ, ಒಂದು ಕೆಜಿ ಪ್ಯಾಕೆಟ್ ಕಟ್ಟಿ ಮೈಸೂರು, ಬೆಂಗಳೂರಿನ ಅಂಗಡಿಗಳಿಗೆ ಕಳಿಸುತ್ತೇವೆ. ವರ್ಷಕ್ಕೆ ಎರಡೂವರೆ ಕೋಟಿ ವಹಿವಾಟು. ನಾನು, ನನ್ನ ತಮ್ಮ ಪಾಲುದಾರರು. ಲೆಕ್ಕಪತ್ರ ಟ್ಯಾಲಿಯಲ್ಲಿದೆ. ಸ್ಟಾಕ್ ಮಾತ್ರ ಅರ್ಧ ಎಕ್ಸೆಲ್‌ನಲ್ಲಿ, ಅರ್ಧ ನೋಟ್‌ಬುಕ್‌ನಲ್ಲಿ. ಮೈಸೂರಿನ ಒಂದು ಕಂಪನಿಯವರು ಒಡೂ ಎಂಟರ್‌ಪ್ರೈಸ್ ಅನ್ನುವ, ಸ್ಟಾಕ್, ಬಿಲ್, ಲೆಕ್ಕ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ ಎಂದಿದ್ದಾರೆ. 12 ಜನಕ್ಕೆ ತಲಾ 9,000 ರೂಪಾಯಿಯಂತೆ ವರ್ಷಕ್ಕೆ 1,08,000 ಚಂದಾ. ಅಳವಡಿಸುವ ಕೆಲಸಕ್ಕೆ ಬೇರೆ 1,80,000. ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ‘ಮಾವ, ಅದೇ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತೆ, ನಾನೇ ಹಾಕ್ಕೊಡ್ತೀನಿ’ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಕಂಪನಿಯವರು ಹೇಳಿದ್ದರಲ್ಲೂ ಅರ್ಧ ನಿಜ ಇದೆ, ನಿಮ್ಮ ಅಳಿಯ ಹೇಳಿದ್ದರಲ್ಲೂ ಅರ್ಧ ನಿಜ ಇದೆ. ಉಳಿದರ್ಧದಲ್ಲೇ ನಿಮ್ಮ ದುಡ್ಡು ಹೋಗುವುದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಈಗ ಬೇಕಿರುವುದು ಉಚಿತ ಆವೃತ್ತಿ, ಅಂದರೆ ಒಡೂ ಕಮ್ಯೂನಿಟಿ. ಅದನ್ನು ನೋಡಿಕೊಳ್ಳಲು ದುಡ್ಡು ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಬೇಕು. ಅಂಥವರು ಸಿಗದಿದ್ದರೆ ಚಂದಾ ಕಟ್ಟುವುದೇ ಸರಿ, ಆದರೆ 12 ಜನಕ್ಕಲ್ಲ. ಬಿಟ್ಟಿಯಾಗಿ ಹಾಕಿಸಿಕೊಂಡು ಯಾರೂ ನೋಡಿಕೊಳ್ಳದೆ ಬಿಡುವುದಿದೆಯಲ್ಲ, ಆ ದಾರಿ ಮಾತ್ರ ಬೇಡವೇ ಬೇಡ.

ಒಡೂ ಬೆಲ್ಜಿಯಂ ದೇಶದ ಕಂಪನಿಯದು. 2005ರಲ್ಲಿ ಟೈನಿ ಇಆರ್‌ಪಿ ಅಂತ ಶುರುವಾಯಿತು, 2014ರಲ್ಲಿ ಈಗಿನ ಹೆಸರು ಬಂತು. 2015ರಲ್ಲಿ ಬಂದ 9ನೇ ವರ್ಷನ್‌ನಿಂದ ಎರಡು ಕವಲಾಯಿತು. ಕಮ್ಯೂನಿಟಿಯ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಎಲ್‌ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್‌ನಲ್ಲಿದೆ. ಎಷ್ಟು ಜನ ಬೇಕಾದರೂ ಬಳಸಬಹುದು, ತಿದ್ದಬಹುದು, ಯಾರನ್ನೂ ಕೇಳಬೇಕಿಲ್ಲ. ಎಂಟರ್‌ಪ್ರೈಸ್ ಅಂದರೆ ಅದರ ಮೇಲೆ ಕೂರಿಸಿದ ಇನ್ನೊಂದಷ್ಟು ಮಾಡ್ಯೂಲ್‌ಗಳು, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಭಾಗ. ಅವುಗಳ ಲೈಸೆನ್ಸ್ ಬೇರೆ. ಚಂದಾ ಚಾಲ್ತಿಯಲ್ಲಿರುವಷ್ಟು ದಿನ ಮಾತ್ರ ಬಳಸುವ ಹಕ್ಕು.

ನಮ್ಮ ಭಾಷೆಯಲ್ಲಿ ಉಚಿತ ಬೇರೆ, ಮುಕ್ತ ಬೇರೆ, ಅಲ್ವಾ? ಕಮ್ಯೂನಿಟಿ ಆವೃತ್ತಿ ಎರಡೂ ಹೌದು. ಆದರೆ ಉಚಿತವಾಗಿರುವುದು ಕೋಡ್ ಮಾತ್ರ. ಅದನ್ನು ಸರ್ವರ್‌ಗೆ ಹಾಕುವ, ನಿಮ್ಮ ಸರಕಿನ ಪಟ್ಟಿ ತುಂಬುವ, ಹುಡುಗರಿಗೆ ಕಲಿಸುವ, ಕೆಟ್ಟಾಗ ಬಂದು ನೋಡುವ ಕೆಲಸ ಉಚಿತವಲ್ಲ. ನಿಮ್ಮ ಕೊಟೇಶನ್‌ನಲ್ಲಿರುವ 1,80,000 ಈ ಕೆಲಸದ್ದು. ಉಚಿತ ಆವೃತ್ತಿ ಹಾಕಿದರೂ ಆ ಕೆಲಸ ಯಾರಾದರೂ ಮಾಡಲೇಬೇಕು. ನಿಮ್ಮ ಅಳಿಯನ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ಇದು.

ಕಂಪನಿಯವರ ಲೆಕ್ಕದಲ್ಲಿ ಜಾಸ್ತಿಯಾಗಿರುವುದು 12 ಅನ್ನುವ ಸಂಖ್ಯೆ. ಚಂದಾ ತಲೆಗೆ ಇಷ್ಟು ಅಂತ. ಇಲ್ಲಿ ತಲೆ ಅಂದರೆ ಲಾಗಿನ್ ಆಗಿ ಕೆಲಸ ಮಾಡುವ ನಿಮ್ಮ ಕಡೆಯ ಜನ. ಬಿಲ್ ನೋಡಲು ಪೋರ್ಟಲ್‌ಗೆ ಬರುವ ಗಿರಾಕಿ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮಲ್ಲಿ ಲಾಗಿನ್ ಯಾರಿಗೆ ಬೇಕು? ಮಾಲು ಇಳಿಸಿಕೊಳ್ಳುವವರು ಒಬ್ಬರು, ಪ್ಯಾಕಿಂಗ್ ಮೇಸ್ತ್ರಿ ಒಬ್ಬರು, ಬಿಲ್ ಮಾಡುವವರು ಒಬ್ಬರು, ನೀವು, ನಿಮ್ಮ ತಮ್ಮ. ಐದಾಯಿತು. ಪ್ಯಾಕೆಟ್ ತುಂಬುವ ಹೆಣ್ಣುಮಕ್ಕಳಿಗೆ, ವ್ಯಾನ್ ಓಡಿಸುವವರಿಗೆ ಲಾಗಿನ್ ಯಾಕೆ? ಅವರ ಚೀಟಿ ನೋಡಿ ಮೇಸ್ತ್ರಿ ತುಂಬಿದರೆ ಸಾಕು. 1,08,000 ಇದ್ದದ್ದು 45,000ಕ್ಕೆ ಇಳಿಯಿತು.

ಹಾಗಂತ ಒಂದೇ ಲಾಗಿನ್ ನಾಲ್ಕು ಜನ ಹಂಚಿಕೊಳ್ಳಬೇಡಿ. ಎಷ್ಟೋ ಕಡೆ ಈ ಉಳಿತಾಯ ನೋಡಿದ್ದೇನೆ. ಸ್ಟಾಕ್‌ನಲ್ಲಿ 40 ಕೆಜಿ ವ್ಯತ್ಯಾಸ ಬಂದ ದಿನ ಯಾರು ತಿದ್ದಿದ್ದು ಅಂತ ಹುಡುಕಿದರೆ ಎಲ್ಲ ಕಡೆ ಒಂದೇ ಹೆಸರು. ಆಮೇಲೆ ಒಬ್ಬರ ಮೇಲೊಬ್ಬರಿಗೆ ಅನುಮಾನ. ಹತ್ತು ವರ್ಷ ಜೊತೆಗೆ ದುಡಿದವರ ನಡುವೆ ಹಾಗಾಗುವುದನ್ನು ನೋಡುವುದು ಕಷ್ಟ.

ಇನ್ನು ಉಚಿತ ಆವೃತ್ತಿಯಲ್ಲಿ ಏನಿಲ್ಲ ಅನ್ನುವ ಪ್ರಶ್ನೆ. ದೊಡ್ಡ ಕೊರತೆ ಲೆಕ್ಕಪತ್ರದ್ದು. ಕಮ್ಯೂನಿಟಿಯಲ್ಲಿ ಬಿಲ್ ಮಾಡಬಹುದು, ಹಣ ಬಂದದ್ದು ಬರೆಯಬಹುದು. ಆದರೆ ಲಾಭ–ನಷ್ಟದ ಪಟ್ಟಿ, ಆಸ್ತಿ–ಹೊಣೆಯ ಪಟ್ಟಿ, ಬ್ಯಾಂಕ್ ಲೆಕ್ಕ ತಾಳೆ ನೋಡುವ ಪೂರ್ತಿ ಸೌಲಭ್ಯ ಎಂಟರ್‌ಪ್ರೈಸ್‌ನ ಅಕೌಂಟಿಂಗ್‌ನಲ್ಲಿದೆ. ಬಾರ್‌ಕೋಡ್ ಆ್ಯಪ್, ಕೋಡ್ ಬರೆಯದೆ ಫಾರಂ ಬದಲಿಸುವ ಸ್ಟುಡಿಯೋ, ಗುಣಮಟ್ಟ ತಪಾಸಣೆಯ ಮಾಡ್ಯೂಲ್ ಕೂಡ ಅಲ್ಲೇ. ಲೆಕ್ಕದ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುವ ಉಚಿತ ಮಾಡ್ಯೂಲ್‌ಗಳಿವೆ. ಒಡೂ ಕಮ್ಯೂನಿಟಿ ಅಸೋಸಿಯೇಷನ್ ಅಂತ ಒಂದು ಸಂಸ್ಥೆ ಇದೆ, ಓಸಿಎ ಅಂತಾರೆ. ಅಲ್ಲಿ ಸ್ವಯಂಸೇವಕರು, ಬೇರೆ ಬೇರೆ ಕಂಪನಿಗಳವರು ಸೇರಿ ಬರೆದದ್ದು ಸಿಗುತ್ತದೆ. ಒಳ್ಳೆಯ ಕೆಲಸ ಅದು.

ಆದರೆ ನಿಮಗೆ ಇದು ಕೊರತೆಯೇ ಅಲ್ಲ. ನಿಮ್ಮ ಲೆಕ್ಕಪತ್ರ ಟ್ಯಾಲಿಯಲ್ಲಿ ಚೆನ್ನಾಗಿ ನಡೆಯುತ್ತಿದೆ. ನಿಮ್ಮ ಆಡಿಟರ್‌ಗೂ ಅದು ಗೊತ್ತು. ಅದನ್ನು ಯಾಕೆ ಅಲುಗಾಡಿಸುತ್ತೀರಿ? ನಿಮಗೆ ತಲೆನೋವಾಗಿರುವುದು ಸ್ಟಾಕ್. ಚಂದಾದಲ್ಲಿ ಸಿಗುವ ದೊಡ್ಡ ಸೌಲಭ್ಯ ಲೆಕ್ಕಪತ್ರದಲ್ಲಿದ್ದು, ಅದನ್ನು ನೀವು ಮುಟ್ಟುವುದೇ ಇಲ್ಲ ಅಂದಮೇಲೆ ಚಂದಾ ಯಾವುದಕ್ಕೆ? ಈ ಪ್ರಶ್ನೆಯನ್ನು ಕಂಪನಿಯವರಿಗೇ ಕೇಳಿ.

ಅದಕ್ಕೂ ಮೊದಲು ಒಂದು ಕೆಲಸ. ಟ್ಯಾಲಿಯಲ್ಲೂ ಗೋಡೌನ್ ಇದೆ, ಬ್ಯಾಚ್ ಇದೆ. ನಿಮ್ಮ ಅಕೌಂಟೆಂಟ್ ಅದನ್ನು ಎಂದಾದರೂ ತೆರೆದು ನೋಡಿದ್ದಾರಾ? ಯಾವ ಗೋಡೌನ್‌ನಲ್ಲಿ ಎಷ್ಟು ಮಾಲಿದೆ ಅನ್ನುವಷ್ಟೇ ಬೇಕಿದ್ದರೆ ಅಲ್ಲೇ ಮುಗಿಯುತ್ತದೆ, ಹೊಸದೇನೂ ಬೇಡ. ಇದನ್ನು ಹೇಳದೆ ಹೊಸ ಸಾಫ್ಟ್‌ವೇರ್ ಮಾರುವುದು ಸರಿಯಲ್ಲ ಅಂತ ನನ್ನ ನಂಬಿಕೆ.

ನಿಮಗೆ ಅದಕ್ಕಿಂತ ಜಾಸ್ತಿ ಬೇಕು ಅಂತ ನನಗನ್ನಿಸುತ್ತದೆ. ಕಾರಣ ಹೈಡ್ರೋಸ್. ಬಣ್ಣಕ್ಕಾಗಿ ಬೆಲ್ಲಕ್ಕೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವ ವಿಚಾರ ನಿಮಗೆ ಹೇಳಬೇಕಾಗಿಲ್ಲ. ಬೆಂಗಳೂರಿನ ಅಂಗಡಿಯಿಂದ ಒಂದು ದಿನ ದೂರು ಬರುತ್ತದೆ ಅಂದುಕೊಳ್ಳಿ. ಪ್ಯಾಕೆಟ್ ಮೇಲೆ ಬ್ಯಾಚ್ ನಂಬರ್ ಇದೆ, ಇರಲೇಬೇಕು, ಆಹಾರ ಸುರಕ್ಷತೆಯ ನಿಯಮವೇ ಅದು. ಆ ಬ್ಯಾಚ್‌ಗೆ ಯಾವ ದಿನದ ಪುಡಿ, ಆ ಪುಡಿಗೆ ಯಾವ ಆಲೆಮನೆಯ ಬೆಲ್ಲ, ಅದೇ ಆಲೆಮನೆಯ ಬೆಲ್ಲ ಇನ್ನು ಯಾವ ಯಾವ ಅಂಗಡಿಗೆ ಹೋಗಿದೆ? ನೋಟ್‌ಬುಕ್‌ನಲ್ಲಿ ಇದನ್ನು ಹುಡುಕುವುದರೊಳಗೆ ಮಾಲು ಖರ್ಚಾಗಿರುತ್ತದೆ. ಒಡೂನಲ್ಲಿ ಪ್ರತಿ ಆಲೆಮನೆಯ ಪ್ರತಿ ಲೋಡಿಗೆ ಒಂದು ಲಾಟ್ ನಂಬರ್ ಕೊಟ್ಟರೆ, ಪ್ಯಾಕೆಟ್‌ನಿಂದ ಆಲೆಮನೆವರೆಗೆ ಹಿಂದಕ್ಕೂ ಹೋಗಬಹುದು, ಆಲೆಮನೆಯಿಂದ ಅಂಗಡಿಯವರೆಗೆ ಮುಂದಕ್ಕೂ ಬರಬಹುದು. ಈ ಲಾಟ್ ವ್ಯವಸ್ಥೆ, ಅವಧಿ ಮುಗಿಯುವ ದಿನಾಂಕ, ಬೆಲ್ಲದಿಂದ ಪುಡಿ ಮಾಡುವ ಉತ್ಪಾದನೆಯ ಲೆಕ್ಕ, ಕೆಜಿಗೂ ಕ್ವಿಂಟಾಲಿಗೂ ಅಳತೆ ಬದಲಿಸುವುದು, ಆಲೆಮನೆಯಿಂದ ತಂದ ಲಾರಿ ಬಾಡಿಗೆಯನ್ನು ಮಾಲಿನ ಬೆಲೆಗೆ ಸೇರಿಸುವುದು, ಇಷ್ಟೂ ಉಚಿತ ಆವೃತ್ತಿಯಲ್ಲೇ ಇದೆ.

ಸಾಫ್ಟ್‌ವೇರ್ ಯಾವುದೇ ಇರಲಿ, ಮೊದಲು ಅಳತೆ ಒಂದು ಮಾಡಿಕೊಳ್ಳಿ. ಮದ್ದೂರಿನ ಕಡೆ ಒಂದು ಗೋಡೌನ್‌ಗೆ ಹೋಗಿದ್ದೆ. ಸಂಜೆ ಆರೂವರೆ. ಮೇಸ್ತ್ರಿ ಹಳೇ ರಟ್ಟಿನ ಡಬ್ಬದ ಮುಚ್ಚಳ ಹರಿದು, ಅದರ ಮೇಲೆ ಮಾರ್ಕರ್‌ನಲ್ಲಿ ಬರೆಯುತ್ತಿದ್ದರು: 18 ಚೀಲ, 7 ಚೀಲ, 11 ಚೀಲ. ಕೆಳಗೆ ಗೆರೆ ಎಳೆದು ಒಟ್ಟು 36 ಅಂತ ಬರೆದರು. ನಾನು ಚೀಲಕ್ಕೆ ಎಷ್ಟು ಕೆಜಿ ಅಂತ ಕೇಳಿದೆ. ಮೊದಲ ಸಾಲಿನದು 30, ಎರಡನೆಯದು 50, ಮೂರನೆಯದು ‘ತೂಕ ಹಾಕಿಲ್ಲ ಸಾರ್, ಅಂದಾಜು’ ಅಂದರು. ಆ 36 ಯಾವುದರ ಲೆಕ್ಕ? ಮಾಲೀಕರ ಎಕ್ಸೆಲ್‌ಗೆ ಹೋಗುತ್ತಿದ್ದದ್ದು ಅದೇ ಸಂಖ್ಯೆ. ಅವರು ಮೂರು ತಿಂಗಳಿಂದ ಸಾಫ್ಟ್‌ವೇರ್ ಹುಡುಕುತ್ತಿದ್ದರು. ನಾನು ಅವರಿಗೆ ಮೊದಲು ಬಾಗಿಲ ಹತ್ತಿರ ಒಂದು ತಕ್ಕಡಿ ಇಡಿಸಿ, ತೂಕದ ಚೀಟಿ ಇಲ್ಲದೆ ಮಾಲು ಒಳಗೆ ಬರಬಾರದು ಅಂತ ಮಾಡಿ ಎಂದೆ. ಆ ಚೀಟಿ ಶುರುವಾದ ಮೇಲೆ ಸಾಫ್ಟ್‌ವೇರ್ ಕೆಲಸ ಸಲೀಸಾಯಿತು. ಬೆಲ್ಲ ಮಳೆಗಾಲದಲ್ಲಿ ನೀರು ಹೀರುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ತೂಕ ಬದಲಾಗುವ ಮಾಲಿಗೆ ಅಂದಾಜು ನಡೆಯುವುದಿಲ್ಲ.

ಜಿಎಸ್‌ಟಿ ವಿಚಾರ ಬೇಗ ಮುಗಿಸುತ್ತೇನೆ. ಬಿಡಿ ಬೆಲ್ಲಕ್ಕೆ ತೆರಿಗೆ ಇಲ್ಲ. 25 ಕೆಜಿವರೆಗಿನ, ಲೇಬಲ್ ಹಾಕಿದ ಪ್ಯಾಕಿಗೆ 2022ರ ಜುಲೈ 18ರಿಂದ ಶೇಕಡಾ 5 ಇದೆ. ಆದ್ದರಿಂದ ಒಂದೇ ಬೆಲ್ಲವಾದರೂ ಬಿಡಿ ಮತ್ತು ಪ್ಯಾಕೆಟ್ ಎರಡನ್ನೂ ಬೇರೆ ಬೇರೆ ಸರಕು ಅಂತಲೇ ತುಂಬಿಸಿ. ಇ-ಇನ್‌ವಾಯ್ಸ್ ಕಡ್ಡಾಯ ಇರುವುದು 5 ಕೋಟಿ ದಾಟಿದವರಿಗೆ, ನಿಮಗಲ್ಲ. 50,000 ರೂಪಾಯಿ ಮೀರಿದ ಪ್ಯಾಕೆಟ್ ಲೋಡಿಗೆ ಇ-ವೇ ಬಿಲ್ ಬೇಕು. ವಾರಕ್ಕೆ ನಾಲ್ಕೈದು ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲೇ ಮಾಡಿಕೊಳ್ಳಬಹುದು, ಅದಕ್ಕೋಸ್ಕರ ಚಂದಾ ಕಟ್ಟಬೇಕಿಲ್ಲ. ‘ಆಡಿಟ್ ಟ್ರಯಲ್ ಕಡ್ಡಾಯ, ಎಂಟರ್‌ಪ್ರೈಸ್ ತಗೊಳ್ಳಲೇಬೇಕು’ ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. ಆಡಿಟ್ ಟ್ರಯಲ್ ಅಂದರೆ ಲೆಕ್ಕದಲ್ಲಿ ಏನು, ಯಾವಾಗ ತಿದ್ದಿದರು ಅನ್ನುವ ದಾಖಲೆ. 2023ರ ಏಪ್ರಿಲ್ 1ರಿಂದ ಬಂದ ಆ ನಿಯಮ ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ಗೆ. ನಿಮ್ಮದು ಪಾಲುದಾರಿಕೆ. ಮುಂದೆ ಪ್ರೈವೇಟ್ ಲಿಮಿಟೆಡ್ ಮಾಡುವುದಾದರೆ ಆಗ ನಿಮ್ಮ ಆಡಿಟರ್ ಜೊತೆ ಮಾತಾಡಿ.

ಈಗ ಖರ್ಚು. ಉಚಿತ ಆವೃತ್ತಿಗೆ ಒಂದು ಸಣ್ಣ ಬಾಡಿಗೆ ಸರ್ವರ್ ಬೇಕು, ತಿಂಗಳಿಗೆ 1,500 ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 18,000. ನೋಡಿಕೊಳ್ಳುವವರಿಗೆ ತಿಂಗಳಿಗೆ 3,000 ಅಂದರೂ 36,000. ಒಟ್ಟು 54,000. ಐದು ಜನರ ಚಂದಾ 45,000. ಒಡೂನವರ ಸರ್ವರ್‌ನಲ್ಲೇ ಇಟ್ಟರೆ ಆ ಚಂದಾದಲ್ಲೇ ಸರ್ವರ್ ಖರ್ಚೂ ಸೇರುತ್ತದೆ. ನೋಡಿದಿರಾ, ಬಿಟ್ಟಿಯದೇ ದುಬಾರಿ ಆಯಿತು!

ಹಾಗಿದ್ದರೂ ನಾನು ಕಮ್ಯೂನಿಟಿ ಅನ್ನುವುದಕ್ಕೆ ಕಾರಣ ಇದೆ. ಉಚಿತದಿಂದ ಚಂದಾಕ್ಕೆ ಹೋಗುವ ದಾರಿ ಅಗಲವಾಗಿದೆ. ಅದೇ ವರ್ಷನ್‌ನ ಎಂಟರ್‌ಪ್ರೈಸ್ ಮಾಡ್ಯೂಲ್‌ಗಳನ್ನು ಅದೇ ಡೇಟಾಬೇಸ್ ಮೇಲೆ ಕೂರಿಸಬಹುದು, ನಿಮ್ಮ ಲಾಟ್, ಬಿಲ್ ಎಲ್ಲ ಹಾಗೇ ಇರುತ್ತವೆ. ಚಂದಾದಿಂದ ಉಚಿತಕ್ಕೆ ಇಳಿಯುವುದು ಹಾಗಲ್ಲ. ಎಂಟರ್‌ಪ್ರೈಸ್ ಮಾಡ್ಯೂಲ್‌ಗಳಲ್ಲಿ ತುಂಬಿದ್ದನ್ನು ಬಿಡಿಸಿ ತೆಗೆಯಬೇಕು. ಅದಕ್ಕೆ ಆಗುವ ಖರ್ಚಿನಲ್ಲಿ ಹೊಸದಾಗಿ ಶುರು ಮಾಡುವುದೇ ವಾಸಿ ಅನ್ನಿಸಿಬಿಡುತ್ತದೆ. ಹತ್ತಲು ಸುಲಭ, ಇಳಿಯಲು ಕಷ್ಟ ಇರುವ ಕಡೆ ಕೆಳಗಿನ ಮೆಟ್ಟಿಲಿಂದ ಶುರು ಮಾಡಿ. ಜೊತೆಗೆ, ಮುಂದೆ ಮೈಸೂರಿನಲ್ಲಿ ಇನ್ನೊಂದು ಗೋಡೌನ್ ಮಾಡಿ ಹತ್ತು ಜನ ಜಾಸ್ತಿಯಾದರೂ ಉಚಿತ ಆವೃತ್ತಿಯಲ್ಲಿ ತಲೆಗಂದಾಯ ಇಲ್ಲ.

ಇನ್ನೊಂದು ಸೂಕ್ಷ್ಮ. ಒಡೂನವರ ಆನ್‌ಲೈನ್ ಸರ್ವರ್‌ನಲ್ಲಿ ಹೊರಗಿನವರು ಬರೆದ ಮಾಡ್ಯೂಲ್ ಹಾಕುವಂತಿಲ್ಲ. ನಿಮ್ಮ ತೂಕದ ಯಂತ್ರಕ್ಕೆ ಜೋಡಿಸುವ, ಆಲೆಮನೆಯವರಿಗೆ ಕೊಟ್ಟ ಮುಂಗಡ ತೋರಿಸುವ ಬೇರೆ ಮಾಡ್ಯೂಲ್ ಬೇಕೆಂದರೆ ಮೇಲಿನ ದರದ ಕಸ್ಟಮ್ ಯೋಜನೆ ತಗೊಂಡು ಬೇರೆ ಕಡೆ ಇಡಬೇಕು. ಕೊಟೇಶನ್‌ನಲ್ಲಿ ಯಾವ ಯೋಜನೆ ಅಂತ ಬರೆದಿದ್ದಾರೆ ನೋಡಿ. ಬರೆದಿಲ್ಲದಿದ್ದರೆ ಬರೆಸಿ.

ನೋಡಿಕೊಳ್ಳುವವರು ಅಂತ ಪದೇ ಪದೇ ಹೇಳುತ್ತಿದ್ದೇನೆ. ಅವರ ಕೆಲಸ ಏನು? ಮೊದಲನೆಯದು ಬ್ಯಾಕಪ್. ಇದರಲ್ಲಿ ನಾನೇ ಮಾಡಿದ ತಪ್ಪೊಂದಿದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕಕ್ಕೆ ಕಮ್ಯೂನಿಟಿ ಹಾಕಿಕೊಟ್ಟಿದ್ದೆ. ಆಫೀಸಿನ ಕಂಪ್ಯೂಟರಿನಲ್ಲೇ ಇತ್ತು. ಪ್ರತಿ ರಾತ್ರಿ ಡೇಟಾಬೇಸ್ ನಕಲು ಪೆನ್‌ಡ್ರೈವ್‌ಗೆ ಹೋಗುವ ಹಾಗೆ ಮಾಡಿದ್ದೆ. ಒಂದು ದಿನ ಕರೆಂಟ್ ಹೋಗಿ ಬಂದು ಹಾರ್ಡ್ ಡಿಸ್ಕ್ ಕೆಟ್ಟಿತು. ಹೊಸ ಡಿಸ್ಕ್ ಹಾಕಿ ನಕಲಿನಿಂದ ಎಲ್ಲ ವಾಪಸ್ ತಂದೆ. ಬಿಲ್ ಬಂತು, ಸ್ಟಾಕ್ ಬಂತು. ಆದರೆ ಖರೀದಿಗೆ ಲಗತ್ತಿಸಿದ್ದ ರಸೀದಿಗಳ ಸ್ಕ್ಯಾನ್ ತೆರೆದರೆ ಒಂದೂ ಇಲ್ಲ. ಒಡೂನಲ್ಲಿ ಲಗತ್ತುಗಳು ಡೇಟಾಬೇಸ್ ಒಳಗಿರುವುದಿಲ್ಲ, ಫೈಲ್‌ಸ್ಟೋರ್ ಅನ್ನುವ ಬೇರೆ ಫೋಲ್ಡರ್‌ನಲ್ಲಿರುತ್ತವೆ. ಅದನ್ನು ನಕಲು ಮಾಡಬೇಕು ಅನ್ನುವುದು ನನ್ನ ಗಮನದಿಂದ ತಪ್ಪಿತ್ತು. ಅಲ್ಲಿನ ಅಕೌಂಟೆಂಟ್ ಮೇಡಂ ಮೂರು ದಿನ ಕೂತು, ಹಳೆಯ ಫೈಲುಗಳಿಂದ ಒಂದೊಂದೇ ರಸೀದಿ ತೆಗೆದು ಮತ್ತೆ ಸ್ಕ್ಯಾನ್ ಮಾಡಿದರು. ನಾನೂ ಜೊತೆಗೆ ಕೂತಿದ್ದೆ. ಕಾಗದ ಉಳಿದಿತ್ತು ಅನ್ನುವುದೊಂದೇ ಪುಣ್ಯ. ಅಂದಿನಿಂದ ಯಾರಿಗೆ ಹಾಕಿಕೊಟ್ಟರೂ ಡೇಟಾಬೇಸ್, ಫೈಲ್‌ಸ್ಟೋರ್ ಎರಡೂ ಬೇರೆ ಊರಿನ ಸರ್ವರ್‌ಗೆ ಹೋಗುತ್ತವೆ. ಮೂರು ತಿಂಗಳಿಗೊಮ್ಮೆ ಆ ನಕಲನ್ನು ಖಾಲಿ ಯಂತ್ರದಲ್ಲಿ ತೆರೆದು ನೋಡುತ್ತೇನೆ. ನಿಮ್ಮವರಿಂದಲೂ ಹಾಗೇ ಮಾಡಿಸಿ. ತೆರೆದು ನೋಡದ ಬ್ಯಾಕಪ್ ಇದೆ ಅಂತ ನಂಬಬೇಡಿ.

ಎರಡನೆಯದು ವರ್ಷನ್ ಬದಲಾವಣೆ. ಒಡೂ ವರ್ಷಕ್ಕೊಂದು ಹೊಸ ವರ್ಷನ್ ತರುತ್ತದೆ. ಇತ್ತೀಚಿನ ಮೂರು ವರ್ಷನ್‌ಗಳಷ್ಟಕ್ಕೆ ತಿದ್ದುಪಡಿ ಬರುತ್ತಿರುತ್ತದೆ. ಚಂದಾ ಕಟ್ಟಿದವರ ಡೇಟಾಬೇಸನ್ನು ಒಡೂ ಕಂಪನಿಯೇ ಹೊಸ ವರ್ಷನ್‌ಗೆ ಏರಿಸಿಕೊಡುತ್ತದೆ. ಉಚಿತದವರು ಓಸಿಎಯ ಓಪನ್‌ಅಪ್‌ಗ್ರೇಡ್ ಅನ್ನುವ ಉಚಿತ ಸಾಧನ ಬಳಸಿ ತಾವೇ ಏರಿಸಿಕೊಳ್ಳಬೇಕು. ಚಂದಾದ ನಿಜವಾದ ಬೆಲೆ ಇರುವುದು ಇಲ್ಲೇ ಅಂತ ನನ್ನ ಅನುಭವ. ನೀವು ಉಚಿತದಲ್ಲಿದ್ದರೆ ಎರಡು ವರ್ಷಕ್ಕೊಮ್ಮೆ ಏರಿಸುವ ಕೆಲಸಕ್ಕೆ ಅಂತ ಪ್ರತ್ಯೇಕವಾಗಿ ದುಡ್ಡು ಎತ್ತಿಡಿ. ಮೊದಲ ವರ್ಷ ಏನನ್ನೂ ತಿದ್ದಿಸಬೇಡಿ. ತಿದ್ದಿದ್ದು ಹೆಚ್ಚಾದಷ್ಟೂ ಏರಿಸುವ ಖರ್ಚು ಹೆಚ್ಚು, ಉಚಿತವಿರಲಿ, ಚಂದಾ ಇರಲಿ.

ಮೂರನೆಯದು ಸಣ್ಣದು, ಆದರೆ ನಮ್ಮ ಕಡೆಯವರಿಗೆ ಬೇಕಾದದ್ದು. ಸರಕಿನ ಹೆಸರು ಕನ್ನಡದಲ್ಲೇ ಬರೆಯಿರಿ. ‘ಅಚ್ಚು ಬೆಲ್ಲ’, ‘ಬೆಲ್ಲದ ಪುಡಿ 1 ಕೆಜಿ’ ಅಂತ ಬರೆದರೆ ಮೇಸ್ತ್ರಿ ತಪ್ಪು ಮಾಡುವುದು ಕಡಿಮೆ. ಪರದೆ ಮೇಲೆ ಚೆನ್ನಾಗಿ ಕಾಣುತ್ತದೆ, ಪ್ರಿಂಟ್ ತೆಗೆದಾಗ ಮಾತ್ರ ಅಕ್ಷರದ ಬದಲು ಚೌಕ ಚೌಕ ಬರಬಹುದು. ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ. ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಹಾಕಿಸಿದರೆ ಸರಿಹೋಗುತ್ತದೆ. ಐದು ನಿಮಿಷದ ಕೆಲಸ.

ನಿಮ್ಮ ಅಳಿಯನ ಉತ್ಸಾಹ ನನಗೆ ಇಷ್ಟವಾಯಿತು. ಅವನನ್ನು ಬಿಡಬೇಡಿ. ಹಾಕುವುದು ಅವನಿಗೆ ಖಂಡಿತ ಸಾಧ್ಯ. ಸರಕಿನ ಪಟ್ಟಿ ತುಂಬುವುದು, ಹುಡುಗರಿಗೆ ಕಲಿಸುವುದು ಅವನಿಗಿಂತ ಚೆನ್ನಾಗಿ ಹೊರಗಿನವರು ಮಾಡಲಾರರು. ಆದರೆ ಓದು ಮುಗಿಸಿ ಅವನು ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದ ಮೇಲೆ, ಭಾನುವಾರ ರಾತ್ರಿ ಸರ್ವರ್ ನಿಂತರೆ ಯಾರಿಗೆ ಫೋನ್ ಮಾಡುತ್ತೀರಿ? ಆ ಹೆಸರು ಈಗಲೇ ಗೊತ್ತಿರಬೇಕು. ಸರ್ವರ್‌ನ ಪಾಸ್‌ವರ್ಡ್ ಅವನ ಹತ್ತಿರವೂ ಇರಲಿ, ಒಂದು ಲಕೋಟೆಯಲ್ಲಿ ನಿಮ್ಮ ಬೀರುವಿನಲ್ಲೂ ಇರಲಿ. ಸರ್ವರ್ ಬಾಡಿಗೆ, ಡೊಮೈನ್ ಎರಡೂ ನಿಮ್ಮ ಸಂಸ್ಥೆಯ ಹೆಸರಿನಲ್ಲಿರಲಿ, ಅವನ ಹೆಸರಿನಲ್ಲಾಗಲಿ ಕಂಪನಿಯವರ ಹೆಸರಿನಲ್ಲಾಗಲಿ ಬೇಡ.

ಒಡೂನಂಥದೇ ಇನ್ನೊಂದು ಸಾಫ್ಟ್‌ವೇರ್ ಇಆರ್‌ಪಿ ನೆಕ್ಸ್ಟ್ ಕೂಡ ಒಮ್ಮೆ ನೋಡಿ. ಮುಂಬೈನ ಫ್ರ್ಯಾಪೆ ಕಂಪನಿಯದು, ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್. ಅದರಲ್ಲಿ ಉಚಿತದ್ದು ಬೇರೆ, ದುಡ್ಡಿನದು ಬೇರೆ ಅಂತ ಎರಡು ಆವೃತ್ತಿಯೇ ಇಲ್ಲ. ಲೆಕ್ಕಪತ್ರವೂ ಪೂರ್ತಿ ಇದೆ. ಭಾರತದ ಜಿಎಸ್‌ಟಿಗೆಂದೇ ಇಂಡಿಯಾ ಕಂಪ್ಲಯನ್ಸ್ ಅನ್ನುವ ಮುಕ್ತ ಆ್ಯಪ್ ಇದೆ. ಅವರ ಕ್ಲೌಡ್‌ನಲ್ಲಿ ಇಟ್ಟರೆ ಸರ್ವರ್ ಲೆಕ್ಕದಲ್ಲಿ ಬಾಡಿಗೆ, ತಲೆ ಲೆಕ್ಕದಲ್ಲಲ್ಲ. ಎಂದಾದರೂ ಟ್ಯಾಲಿ ಬಿಟ್ಟು ಎಲ್ಲವನ್ನೂ ಒಂದೇ ಕಡೆ ತರುವ ಮನಸ್ಸಿದ್ದರೆ ನಾನು ಒಡೂಗಿಂತ ಇದನ್ನೇ ಮೊದಲು ಹೇಳುತ್ತೇನೆ. ಸದ್ಯಕ್ಕೆ ಬರೀ ಸ್ಟಾಕ್‌ಗೆ ಎರಡೂ ಸರಿ. ನಿಮಗೆ ಹತ್ತಿರದಲ್ಲಿ ಯಾವುದು ಗೊತ್ತಿರುವ ಜನ ಸಿಗುತ್ತಾರೋ ಅದನ್ನು ಆರಿಸಿ.

ಶುರು ಹೀಗೆ ಮಾಡಿ. ಬಿಲ್ ಟ್ಯಾಲಿಯಲ್ಲೇ ಮುಂದುವರಿಯಲಿ. ಒಡೂನಲ್ಲಿ ನಾಲ್ಕೇ ಕೆಲಸ: ಮಾಲು ಇಳಿದದ್ದು, ಪುಡಿ ಮಾಡಿದ್ದು, ಪ್ಯಾಕ್ ಮಾಡಿದ್ದು, ಕಳಿಸಿದ್ದು. ಕಳಿಸುವಾಗ ಟ್ಯಾಲಿಯ ಬಿಲ್ ನಂಬರ್ ಬರೆದುಕೊಂಡರೆ ಎರಡಕ್ಕೂ ಕೊಂಡಿ ಸಿಕ್ಕಿತು. ಎರಡು ಕಡೆ ಬಿಲ್ ಮಾಡಲು ಹೋಗಬೇಡಿ, ತಿಂಗಳೊಳಗೆ ಎರಡು ಲೆಕ್ಕ ಆಗುತ್ತದೆ. ಕಂಪನಿಯವರನ್ನು ಕರೆದು ಈ ನಾಲ್ಕೇ ಕೆಲಸಕ್ಕೆ, ಉಚಿತ ಆವೃತ್ತಿಯಲ್ಲಿ, ಐದು ಜನಕ್ಕೆ ಕಲಿಸಿಕೊಡಲು ಎಷ್ಟು ಅಂತ ಹೊಸ ಕೊಟೇಶನ್ ಕೇಳಿ. 1,80,000 ಖಂಡಿತ ಆಗುವುದಿಲ್ಲ. ಒಪ್ಪದಿದ್ದರೆ ಮೈಸೂರಿನಲ್ಲಿ ಈ ಕೆಲಸ ಮಾಡುವವರು ಬೇರೆಯವರಿದ್ದಾರೆ.

ದುಡ್ಡು ಕೊಡುವ ಮೊದಲು ಅವರ ಲ್ಯಾಪ್‌ಟಾಪ್ ನಿಮ್ಮ ಗೋಡೌನ್‌ಗೇ ತರಿಸಿ. ಅವರ ಡೆಮೊ ಬೇಡ. ನಿಮ್ಮದೇ ಒಂದು ಲೋಡಿನ ತೂಕದ ಚೀಟಿ ಕೊಟ್ಟು, ಆ ಬೆಲ್ಲವನ್ನು ಒಳಗೆ ತರಿಸಿ, ಪುಡಿ ಮಾಡಿಸಿ, ಒಂದು ಕೆಜಿ ಪ್ಯಾಕೆಟ್‌ಗಳಾಗಿ ಅಂಗಡಿಗೆ ಕಳಿಸಿ ತೋರಿಸಲು ಹೇಳಿ. ಟೈಪ್ ಮಾಡುವುದು ಅವರಲ್ಲ, ನಿಮ್ಮ ಮೇಸ್ತ್ರಿ. ಆಮೇಲೆ ಒಂದು ಪ್ಯಾಕೆಟ್‌ನ ಬ್ಯಾಚ್ ನಂಬರ್ ಓದಿ, ಇದು ಯಾವ ಆಲೆಮನೆಯದು ಅಂತ ಮೇಸ್ತ್ರಿಯನ್ನೇ ಕೇಳಿ. ಅವರು ಯಾರ ಸಹಾಯವೂ ಇಲ್ಲದೆ ಪರದೆ ನೋಡಿ ಹೆಸರು ಹೇಳಿದರೆ ಆ ಸಾಫ್ಟ್‌ವೇರ್ ತಗೊಳ್ಳಿ.